ತಂಡದ ಮುಖ್ಯಸ್ಥರ ಬೆಂಬಲ ಮತ್ತು ದುಡಿಯುವವರ ಕ್ಷೇಮ

ದುಡಿಯುವ ಬಹುತೇಕರಿಗೆ ಸಂಸ್ಥೆ ಎಂದರೆ ತಮ್ಮ ನೇರ ಮೇಲಿನವರೇ. ಕೆಲಸ ಹಂಚುವವರು, ರಜೆ ಕೊಡುವವರು, ತಪ್ಪಾದಾಗ ಕೇಳುವವರು, ವರ್ಷದ ಕೊನೆಗೆ ಅಂಕ ಹಾಕುವವರು ಅವರೇ. ಗಾರ್ಮೆಂಟ್ ಕಾರ್ಖಾನೆಯಲ್ಲಿ ಅವರು ಸೂಪರ್‌ವೈಸರ್, ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್, ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ನರ್ಸ್, ಕಟ್ಟಡ ಕೆಲಸದಲ್ಲಿ ಮೇಸ್ತ್ರಿ. ಆಡಳಿತ ಮಂಡಳಿ ಎಷ್ಟೇ ಉದಾರವಾದ ನೀತಿ ಮಾಡಿದರೂ ಅದು ಕೆಲಸಗಾರರನ್ನು ಮುಟ್ಟುವುದು ಇವರ ಕೈ ದಾಟಿ ಬಂದ ಮೇಲೆಯೇ. ಹಾಗಾಗಿ ಕೆಲಸದ ಜಾಗದಲ್ಲಿ ಮನುಷ್ಯರ ಆರೋಗ್ಯ, ನೆಮ್ಮದಿಗಳನ್ನು ಅಧ್ಯಯನ ಮಾಡಿದವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಈ ನಡುವಿನ ಮನುಷ್ಯನ ಬಳಿಗೆ ಬಂದಿದ್ದಾರೆ.

ಬೆಂಬಲ ಎಂದರೆ ಸಿಹಿ ಮಾತು ಎಂದುಕೊಳ್ಳುವುದು ಸಾಮಾನ್ಯ. ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ 1981ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು: ಭಾವನೆಯ ಆಸರೆ, ಕೈಗೆ ಸಿಗುವ ನೆರವು, ಮಾಹಿತಿ, ಮತ್ತು ಕೆಲಸದ ಬಗ್ಗೆ ಸರಿಯಾದ ಅಭಿಪ್ರಾಯ. ಬೆಂಗಳೂರಿನ ಒಂದು ಗಾರ್ಮೆಂಟ್ ಲೈನಿನಲ್ಲಿ ಇವು ಹೇಗೆ ಕಾಣಿಸುತ್ತವೆ ಎಂದು ಊಹಿಸಿಕೊಳ್ಳಬಹುದು. ಕಾಲರ್ ಹೊಲಿಯುವ ಟೈಲರ್ ಒಬ್ಬಳು ಮಗುವಿಗೆ ಜ್ವರ ಎಂದು ಮಧ್ಯಾಹ್ನ ಮನೆಗೆ ಹೋಗಲು ಕೇಳುತ್ತಾಳೆ. ಸೂಪರ್‌ವೈಸರ್ ಗದರದೆ ಕೇಳಿಸಿಕೊಂಡರೆ ಅದು ಮೊದಲನೆಯದು. ಆ ಮಿಷನ್ನಿಗೆ ಇನ್ನೊಬ್ಬರನ್ನು ಕೂರಿಸಿ, ಲೈನ್ ನಿಲ್ಲದಂತೆ ನೋಡಿಕೊಂಡು ಆಕೆಯನ್ನು ಕಳಿಸಿದರೆ ಎರಡನೆಯದು. ಇಎಸ್‌ಐ ಕಾರ್ಡಿನಲ್ಲಿ ಮಗುವಿಗೂ ಚಿಕಿತ್ಸೆ ಸಿಗುತ್ತದೆ ಎಂದು ನೆನಪಿಸಿದರೆ ಮೂರನೆಯದು. ಮುಂದಿನ ತಿಂಗಳು ಆಕೆಯ ಕೆಲಸದ ಲೆಕ್ಕ ಹಾಕುವಾಗ ಆ ಅರ್ಧ ದಿನವನ್ನು ಎತ್ತಿ ಆಡದಿದ್ದರೆ ನಾಲ್ಕನೆಯದು. ಮೊದಲನೆಯದಕ್ಕೆ ಒಳ್ಳೆಯ ಸ್ವಭಾವ ಸಾಕು. ಉಳಿದವಕ್ಕೆ ಅಧಿಕಾರ, ಹೆಚ್ಚುವರಿ ಕೈ, ತಿಳಿವಳಿಕೆ ಬೇಕು. ಈ ಕ್ಷೇತ್ರದ ಸಂಶೋಧನೆಯನ್ನು ಒಟ್ಟಾಗಿ ನೋಡಿದಾಗ ಎದ್ದು ಕಾಣುವುದು ಇದೇ ವ್ಯತ್ಯಾಸ.

ಮುಖ್ಯಸ್ಥರ ಬೆಂಬಲದ ಪ್ರಶ್ನೆಗೆ ಸುಮಾರು ನೂರು ವರ್ಷದ ಇತಿಹಾಸವಿದೆ. ಷಿಕಾಗೊ ಪಕ್ಕದ ಸಿಸೆರೊದಲ್ಲಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಲ್ಲಿ ಪ್ರಯೋಗ ಶುರುವಾದದ್ದು ದೀಪದ ಬೆಳಕಿಗೂ ಉತ್ಪಾದನೆಗೂ ಏನು ಸಂಬಂಧ ಎಂದು ತಿಳಿಯಲು. 1927ರಲ್ಲಿ ಟೆಲಿಫೋನ್ ರಿಲೇ ಜೋಡಿಸುವ ಕೆಲವು ಯುವತಿಯರನ್ನು ಪ್ರತ್ಯೇಕ ಕೋಣೆಗೆ ಕರೆತಂದು ವಿರಾಮ, ಕೆಲಸದ ಅವಧಿ, ಕೂಲಿಯ ಲೆಕ್ಕ ಎಲ್ಲವನ್ನೂ ಒಂದೊಂದಾಗಿ ಬದಲಿಸುತ್ತ ಹೋದರು. ಉತ್ಪಾದನೆ ಏರಿತು. ಹಾರ್ವರ್ಡ್‌ನ ಎಲ್ಟನ್ ಮೇಯೊ ಮತ್ತು ಸಂಗಡಿಗರು ಇದಕ್ಕೆ ಕೊಟ್ಟ ವಿವರಣೆ ಪ್ರಸಿದ್ಧ: ಗದರುವ ಫೋರ್‌ಮನ್ನನ ಜಾಗದಲ್ಲಿ ಮಾತು ಕೇಳುವ ಒಬ್ಬ ವೀಕ್ಷಕ ಬಂದದ್ದೇ ಮುಖ್ಯ ಕಾರಣ. 1928ರಿಂದ ಕಂಪನಿ ತನ್ನ ಇಪ್ಪತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಸಂದರ್ಶಿಸಿತು. ಮೊದಲಿಗೆ ಸಿದ್ಧ ಪ್ರಶ್ನೆಗಳಿದ್ದವು, ನಂತರ ನೌಕರರು ತೋಚಿದ್ದನ್ನು ಹೇಳಲಿ ಎಂದು ಬಿಟ್ಟರು. ಮೇಲಿನವರು ಕೇಳಿಸಿಕೊಳ್ಳಬೇಕು ಎಂಬ ಮಾತು ಆಡಳಿತ ಶಾಸ್ತ್ರದ ಪಠ್ಯಕ್ಕೆ ಸೇರಿದ್ದು ಇಲ್ಲಿಂದ. ಆದರೆ ಅದೇ ಕೋಣೆಯಿಂದ 1928ರ ಆರಂಭದಲ್ಲಿ, ಹೆಚ್ಚು ಹರಟುತ್ತಾರೆ, ಸಹಕರಿಸುವುದಿಲ್ಲ ಎಂದು ಇಬ್ಬರನ್ನು ತೆಗೆದು ಬೇರೆ ಇಬ್ಬರನ್ನು ಕೂರಿಸಲಾಗಿತ್ತು. ಕೂಲಿಯನ್ನೂ ಆ ಸಣ್ಣ ಗುಂಪಿನ ದುಡಿಮೆಗೆ ತಕ್ಕಂತೆ ಕೊಡುವ ಏರ್ಪಾಡಾಗಿತ್ತು. ಏರಿದ ಉತ್ಪಾದನೆಯಲ್ಲಿ ಅಕ್ಕರೆಯ ಪಾಲೆಷ್ಟು, ಕಾಸಿನ ಪಾಲೆಷ್ಟು, ಕೆಲಸ ಹೋಗುವ ಹೆದರಿಕೆಯ ಪಾಲೆಷ್ಟು ಎಂಬ ವಾದ ಮುಂದೆ ದಶಕಗಳ ಕಾಲ ನಡೆಯಿತು.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬಂದದ್ದು ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಕೆಲಸದಿಂದ. ಅಲ್ಲಿನ ಸಂಶೋಧಕರು ಮುಖ್ಯಸ್ಥರ ನಡವಳಿಕೆಯನ್ನು ಎರಡು ಎಳೆಗಳಾಗಿ ನೋಡಿದರು: ಕೈಕೆಳಗಿನವರ ಬಗೆಗಿನ ಕಾಳಜಿ ಒಂದು, ಕೆಲಸವನ್ನು ಕಟ್ಟುನಿಟ್ಟಾಗಿ ಹೊಂದಿಸುವುದು ಇನ್ನೊಂದು. ಎಡ್ವಿನ್ ಫ್ಲೈಶ್‌ಮನ್ ಮತ್ತು ಎಡ್ವಿನ್ ಹ್ಯಾರಿಸ್ 1962ರಲ್ಲಿ ಒಂದು ಟ್ರಕ್ ಕಾರ್ಖಾನೆಯ ಫೋರ್‌ಮನ್ನರ ಬಗ್ಗೆ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಿಸಿಕೊಳ್ಳುತ್ತದೆ. ಅವರು ನೋಡಿದ್ದು ಕೆಲಸಗಾರರ ಅನಿಸಿಕೆಗಳನ್ನಲ್ಲ. ಲಿಖಿತ ದೂರುಗಳ ಸಂಖ್ಯೆಯನ್ನು, ಕೆಲಸ ಬಿಟ್ಟವರ ಸಂಖ್ಯೆಯನ್ನು. ಕಾಳಜಿ ಕಡಿಮೆಯಿದ್ದ ಫೋರ್‌ಮನ್ನರ ಕೈಕೆಳಗೆ ಎರಡೂ ಏರಿದ್ದವು. ಕಾಳಜಿ ಹೆಚ್ಚಿದ್ದವರು ಕಟ್ಟುನಿಟ್ಟು ಬಿಗಿಗೊಳಿಸಿದರೂ ದೂರುಗಳು ಅಷ್ಟಾಗಿ ಹೆಚ್ಚಲಿಲ್ಲ. ಬರೀ ಒಳ್ಳೆಯತನದಿಂದ ಆಗುವ ಲಾಭಕ್ಕೂ ಒಂದು ಮಿತಿ ಕಂಡಿತು: ಕಾಳಜಿ ಒಂದು ಮಟ್ಟ ದಾಟಿದ ಮೇಲೆ ದೂರುಗಳು ಮತ್ತಷ್ಟು ಇಳಿಯಲಿಲ್ಲ.

ಭಾರತದಲ್ಲಿ ಈ ಎರಡು ಎಳೆಗಳನ್ನು ಇಲ್ಲಿನ ಮಣ್ಣಿಗೆ ಹೊಂದಿಸಿ ನೋಡಿದವರು ಪಟ್ನಾದ ಮನಶ್ಶಾಸ್ತ್ರಜ್ಞ ಜೈ ಬಿ.ಪಿ. ಸಿನ್ಹಾ. 1980ರ ಪುಸ್ತಕದಲ್ಲಿ ಅವರು ಮಂಡಿಸಿದ ಮಾದರಿಯ ಮುಖ್ಯಸ್ಥ ಕೈಕೆಳಗಿನವರನ್ನು ಮನೆಯ ಹಿರಿಯನಂತೆ ಅಕ್ಕರೆಯಿಂದ ನೋಡುತ್ತಾನೆ, ಆದರೆ ಆ ಅಕ್ಕರೆಗೆ ಕೆಲಸದ ಷರತ್ತು ಇರುತ್ತದೆ; ಅವರು ಪಳಗಿದಂತೆಲ್ಲ ಕೈ ಸಡಿಲಿಸಿ ನಿರ್ಧಾರಗಳಲ್ಲಿ ಪಾಲು ಕೊಡುತ್ತಾನೆ. ಮೇಲಿನವರನ್ನು ಅವಲಂಬಿಸುವ ಅಭ್ಯಾಸ ಇರುವ ಕಡೆ ಪಾಶ್ಚಾತ್ಯರ ಸಮಪಾಲಿನ ಮಾದರಿಯನ್ನು ಒಮ್ಮೆಲೆ ಹೇರಿದರೆ ಅದು ದೌರ್ಬಲ್ಯವಾಗಿ ಕಾಣುತ್ತದೆ ಎಂಬುದು ಸಿನ್ಹಾ ಅವರ ವಾದ. ಈ ವಾದದಲ್ಲಿ ಅಪಾಯವೂ ಇದೆ. ಅಣ್ಣ, ಅಪ್ಪ ಎಂದು ಕರೆಸಿಕೊಳ್ಳುವ ಯಜಮಾನಿಕೆ ಹಕ್ಕಾಗಿ ಸಿಗಬೇಕಾದ್ದನ್ನು ಉಪಕಾರವಾಗಿ ಕೊಡತೊಡಗುತ್ತದೆ. ಅಕ್ಕರೆಯಿಂದ ಕೆಲಸ ಮಾಡಿಸಿಕೊಳ್ಳುವ ಭಾಗ ಬೇಗ ರೂಢಿಯಾಗುತ್ತದೆ, ಕೈ ಸಡಿಲಿಸುವ ಭಾಗ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಬೆಂಬಲಕ್ಕೂ ದೇಹದ ಆರೋಗ್ಯಕ್ಕೂ ಇರುವ ಕೊಂಡಿಯನ್ನು ತೋರಿಸಿದ್ದು ಒತ್ತಡದ ಕುರಿತ ಸಂಶೋಧನೆ. ರಾಬರ್ಟ್ ಕರಾಸೆಕ್ 1979ರಲ್ಲಿ ಹೇಳಿದ್ದು ಇಷ್ಟು: ಕೆಲಸದ ಹೊರೆಯೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ, ಹೊರೆ ಹೆಚ್ಚಿದ್ದು, ಕೆಲಸವನ್ನು ಹೇಗೆ ಮಾಡಬೇಕೆಂಬ ಹಿಡಿತ ಕೈಯಲ್ಲಿ ಇಲ್ಲದಿದ್ದಾಗ ಹಾನಿ ಹೆಚ್ಚು. ಸ್ವೀಡನ್ನಿನ ದತ್ತಾಂಶ ಇಟ್ಟುಕೊಂಡು ಜೆಫ್ರಿ ಜಾನ್ಸನ್ ಮತ್ತು ಎಲೆನ್ ಹಾಲ್ 1988ರಲ್ಲಿ ಇದಕ್ಕೆ ಮೂರನೆಯದನ್ನು ಸೇರಿಸಿದರು: ಹೊರೆ ಹೆಚ್ಚು, ಹಿಡಿತ ಕಡಿಮೆ, ಜೊತೆಗೆ ಆಸರೆಯೂ ಇಲ್ಲದಿದ್ದರೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಹೆಚ್ಚು ಕಾಣಿಸುತ್ತದೆ. ಈ ಮೂರನ್ನೂ ಒಟ್ಟಿಗೆ ಅಲುಗಾಡಿಸಬಲ್ಲ ಮನುಷ್ಯ ತಂಡದ ಮುಖ್ಯಸ್ಥ. ಗಡುವನ್ನು ಎಷ್ಟು ಬಿಗಿಯಾಗಿ ಕೆಳಕ್ಕೆ ಸಾಗಿಸಬೇಕು, ಯಾವ ನಿರ್ಧಾರವನ್ನು ಕೆಲಸಗಾರನಿಗೇ ಬಿಡಬೇಕು, ಕಷ್ಟದಲ್ಲಿ ಯಾರ ಪಕ್ಕ ನಿಲ್ಲಬೇಕು ಎಂಬುದೆಲ್ಲ ಒಂದಿಷ್ಟಾದರೂ ಅವರ ಕೈಯಲ್ಲಿರುತ್ತದೆ.

ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ ಎರಡನೆಯ ಸರಣಿ ಇಲ್ಲಿ ಮುಖ್ಯ. ಸುಮಾರು 10,300 ಜನ ಸೇರಿದ್ದ ಅದರ ದತ್ತಾಂಶದಿಂದ ಮಿಕಾ ಕಿವಿಮಾಕಿ ಮತ್ತಿತರರು 2005ರಲ್ಲಿ 6,442 ಪುರುಷ ನೌಕರರ ವಿವರ ಪರಿಶೀಲಿಸಿದರು. ಅವರಿಗೆ ಕೇಳಿದ್ದು ದಿನನಿತ್ಯದ ಪ್ರಶ್ನೆಗಳು: ನಿಮ್ಮನ್ನು ಅನ್ಯಾಯವಾಗಿ ಟೀಕಿಸುತ್ತಾರೆಯೇ? ನಿಮ್ಮ ತೊಂದರೆಯನ್ನು ಮೇಲಿನವರು ಕೇಳಲು ತಯಾರಿರುತ್ತಾರೆಯೇ? ಚೆನ್ನಾಗಿ ಮಾಡಿದಾಗ ಮೆಚ್ಚುತ್ತಾರೆಯೇ? ಮೇಲಿನಿಂದ ಬರುವ ಮಾಹಿತಿ ಒಂದಕ್ಕೊಂದು ತಾಳೆಯಾಗುತ್ತದೆಯೇ? ತಮಗೆ ನ್ಯಾಯ ಸಿಗುತ್ತಿದೆ ಎಂದು ಬಲವಾಗಿ ನಂಬಿದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಸುಮಾರು 35% ಕಡಿಮೆಯಿತ್ತು. ನಾಲ್ಕು ವರ್ಷದ ನಂತರ ಅನ್ನಾ ನೈಬರ್ಗ್ ಮತ್ತಿತರರು ಸ್ಟಾಕ್‌ಹೋಮ್ ಪ್ರದೇಶದ 3,122 ಪುರುಷರನ್ನು ಸುಮಾರು ಹತ್ತು ವರ್ಷ ಗಮನಿಸಿದ ಫಲಿತಾಂಶ ಪ್ರಕಟಿಸಿದರು. ಮೇಲಧಿಕಾರಿಗೆ ಒಳ್ಳೆಯ ಅಂಕ ಕೊಟ್ಟಿದ್ದವರಲ್ಲಿ ಹೃದಯಾಘಾತದಂಥ ತೊಂದರೆ ಕಡಿಮೆ. ಅದೇ ಜಾಗದಲ್ಲಿ ಹೆಚ್ಚು ವರ್ಷ ದುಡಿದಿದ್ದವರಲ್ಲಿ ಈ ಸಂಬಂಧ ಇನ್ನೂ ಗಾಢ. ಈ ಅಂಕಕ್ಕಾಗಿ ಕೇಳಿದ ಪ್ರಶ್ನೆಗಳಲ್ಲಿ ಸ್ವಭಾವಕ್ಕೆ ಸಂಬಂಧಿಸಿದವು ಕೆಲವು ಮಾತ್ರ. ಬೇಕಾದ ಮಾಹಿತಿ ಕೊಡುತ್ತಾರೆಯೇ, ಗುರಿಯನ್ನು ಬಿಡಿಸಿ ಹೇಳುತ್ತಾರೆಯೇ, ಹೊರಿಸಿದ ಹೊಣೆಗೆ ತಕ್ಕ ಅಧಿಕಾರ ನಿಮಗಿದೆಯೇ ಎಂಬವೂ ಅದರಲ್ಲಿದ್ದವು.

ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಈ ಬಗೆಯ ಬಹುಪಾಲು ಅಧ್ಯಯನಗಳಲ್ಲಿ ಮುಖ್ಯಸ್ಥರ ಬಗ್ಗೆ ಹೇಳುವವರೂ ತಮ್ಮ ನೆಮ್ಮದಿಯ ಬಗ್ಗೆ ಹೇಳುವವರೂ ಒಬ್ಬರೇ. ಮನಸ್ಸು ಕುಗ್ಗಿದವರಿಗೆ ಮೇಲಿನವರು ಇದ್ದುದಕ್ಕಿಂತ ಕಠಿಣವಾಗಿ ಕಾಣಬಹುದು. ಅದರಾಚೆಗೆ, ಬಳಲಿದ ತಂಡವನ್ನು ನಿಭಾಯಿಸುತ್ತ ಮುಖ್ಯಸ್ಥರ ತಾಳ್ಮೆಯೇ ಕೆಡಬಹುದು. ಬ್ರಿಟನ್ನಿನ ಆರೋಗ್ಯ ಸೇವೆಯ ಸಿಬ್ಬಂದಿಯನ್ನು ಹಲವು ಬಾರಿ ಮಾತಾಡಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಭಾವ ಎರಡೂ ದಿಕ್ಕಿಗೆ ಹರಿಯುತ್ತದೆ ಎಂದು ತೋರಿಸಿತು. ಹೃದಯಾಘಾತವನ್ನು ಆಸ್ಪತ್ರೆಯ ದಾಖಲೆಯಿಂದ ಲೆಕ್ಕ ಹಾಕುವ ಅಧ್ಯಯನಗಳಿಗೆ ಹೆಚ್ಚು ಬೆಲೆ ಬರುವುದು ಇದರಿಂದಲೇ. ಅಲ್ಲಿಯೂ ಕಾರಣ ಇದೇ ಎಂದು ಖಡಾಖಂಡಿತ ಹೇಳಲಾಗುವುದಿಲ್ಲ. ತಂಡದ ಉತ್ಸಾಹದ ಏರಿಳಿತದಲ್ಲಿ 70% ಮ್ಯಾನೇಜರ್‌ನಿಂದ ಎಂಬ, ಗ್ಯಾಲಪ್ ಸಂಸ್ಥೆ ಜನಪ್ರಿಯಗೊಳಿಸಿದ ಅಂಕಿ ತರಬೇತಿ ಶಿಬಿರಗಳ ಸ್ಲೈಡುಗಳಲ್ಲಿ ತಪ್ಪದೆ ಇರುತ್ತದೆ. ಅದು ತಂಡ ತಂಡಗಳ ನಡುವಿನ ವ್ಯತ್ಯಾಸದ ಲೆಕ್ಕ. ಒಬ್ಬ ಕೆಲಸಗಾರನ ನೆಮ್ಮದಿಯ ಮುಕ್ಕಾಲು ಪಾಲು ಮುಖ್ಯಸ್ಥನ ಕೈಯಲ್ಲಿದೆ ಎಂದು ಅದನ್ನು ಓದುವುದು ತಪ್ಪು.

ಮುಖ್ಯಸ್ಥರ ನಡೆಯಿಂದ ಕೆಲಸಗಾರರಿಗೆ ಸಿಗುವ ಇನ್ನೊಂದು ದೊಡ್ಡ ವಸ್ತು ಹೆದರದೆ ಮಾತಾಡುವ ಅವಕಾಶ. ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಲು ಹೊರಟರು. ಒಳ್ಳೆಯ ಮುಖ್ಯ ನರ್ಸ್ ಇರುವ, ಒಗ್ಗಟ್ಟಿನ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬ ನಿರೀಕ್ಷೆ ಇತ್ತು. ದಾಖಲೆಯಲ್ಲಿ ಕಂಡದ್ದು ಅದರ ತದ್ವಿರುದ್ಧ: ಅಂಥ ವಾರ್ಡುಗಳಲ್ಲೇ ಹೆಚ್ಚು ತಪ್ಪು. ಬಗೆದು ನೋಡಿದಾಗ ತಿಳಿದದ್ದು, ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಯಾರೂ ಅಂಜುತ್ತಿರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಇದನ್ನು ತಂಡದೊಳಗಿನ ಮಾನಸಿಕ ಸುರಕ್ಷತೆ ಎಂಬ ಪರಿಕಲ್ಪನೆಯಾಗಿ ಬೆಳೆಸಿದರು. ಗೂಗಲ್ ತನ್ನ 180 ತಂಡಗಳನ್ನು ಪರಿಶೀಲಿಸಿದಾಗಲೂ ಚೆನ್ನಾಗಿ ನಡೆಯುವ ತಂಡಗಳ ಮೊದಲ ಗುಣವಾಗಿ ಇದೇ ಹೊರಬಿತ್ತು.

ಬೆಂಬಲದ ಎದುರು ತುದಿಯಲ್ಲಿ ಇರುವುದು ಹೀಯಾಳಿಕೆ, ನಾಲ್ಕು ಜನರ ಮುಂದೆ ಅವಮಾನ, ಬೇಕೆಂದೇ ಕೆಲಸ ತಡೆಹಿಡಿಯುವುದು. ಬೆನೆಟ್ ಟೆಪ್ಪರ್ 2000ದಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದ ಮೇಲೆ ಈ ವಿಷಯದಲ್ಲಿ ದೊಡ್ಡ ಸಾಹಿತ್ಯವೇ ಬೆಳೆದಿದೆ. ಅದರಲ್ಲಿ ತೀರಾ ಕುತೂಹಲದ್ದು ಸ್ಲೊವೇನಿಯಾದ ಪೊಲೀಸರ ಬಗ್ಗೆ 2002ರಲ್ಲಿ ಬಂದ ಅಧ್ಯಯನ. ಒಂದು ದಿನ ಬೆನ್ನು ತಟ್ಟಿ ಇನ್ನೊಂದು ದಿನ ಕಾಲೆಳೆಯುವ ಮೇಲಧಿಕಾರಿ ಕೆಲಸಗಾರರನ್ನು ಹೆಚ್ಚು ಹಾಳು ಮಾಡುತ್ತಾನೆ. ಅಂಥವನಿಂದ ಸಿಕ್ಕ ಬೆಂಬಲ ಅದೇ ವ್ಯಕ್ತಿ ಮಾಡಿದ ಗಾಯವನ್ನು ಮಾಯಿಸುವುದಿಲ್ಲ, ಕೆಲವು ಸಂದರ್ಭಗಳಲ್ಲಿ ಕೆರಳಿಸುತ್ತದೆ. ಬೈದ ಮೇಲೆ ಚಹಾ ಕುಡಿಸಿದರೆ ಲೆಕ್ಕ ಚುಕ್ತಾ ಎಂದುಕೊಳ್ಳುವ ಮುಖ್ಯಸ್ಥರು ಎಲ್ಲ ಕಚೇರಿಗಳಲ್ಲೂ ಇದ್ದಾರೆ.

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಸಮೃದ್ಧವಾದ ಸಾಕ್ಷ್ಯ ಸಿಕ್ಕಿರುವುದು ಬೆಂಗಳೂರು ಸುತ್ತಿನ ಗಾರ್ಮೆಂಟ್ ಕಾರ್ಖಾನೆಗಳಿಂದ. ಇಲ್ಲಿ ಹೊಲಿಯುವವರು ಬಹುತೇಕ ಹೆಂಗಸರು, ಅವರ ಮೇಲೆ ನಿಂತವರು ಹೆಚ್ಚಾಗಿ ಗಂಡಸರು. ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್ ಬೋರ್ಡಿನ ಮೇಲೆ ಬರೆದಿರುತ್ತದೆ. ತಪ್ಪಿದರೆ ಮೊದಲ ಬೈಗುಳ ಸೂಪರ್‌ವೈಸರ್‌ಗೆ, ಎರಡನೆಯದು ಟೈಲರ್‌ಗೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಒಂದು ದೊಡ್ಡ ರಫ್ತು ಸಂಸ್ಥೆಯ ಕಾರ್ಖಾನೆಗಳಲ್ಲಿ ಹಲವು ವರ್ಷ ಇದನ್ನು ಹತ್ತಿರದಿಂದ ಅಳೆದಿದ್ದಾರೆ. ಒಂದು ಅಧ್ಯಯನದಲ್ಲಿ ಫ್ಲೋರಿನೊಳಗಿನ ಗಾಳಿಯ ಸಣ್ಣ ಕಣಗಳನ್ನು ಯಂತ್ರ ಇಟ್ಟು ಅಳೆದರು. ಕಣಗಳು ಹೆಚ್ಚಾದಾಗ ಹೊಲಿಗೆ ನಿಧಾನವಾಗುತ್ತಿತ್ತು, ಆದರೆ ಎಲ್ಲ ಟೈಲರ್‌ಗಳದೂ ಒಂದೇ ಸಮನಾಗಿ ಅಲ್ಲ. ತನ್ನ ಲೈನಿನವರ ಮೇಲೆ ಗಮನ ಇಟ್ಟಿದ್ದ ಸೂಪರ್‌ವೈಸರ್ ಯಾರು ಬಳಲುತ್ತಿದ್ದಾರೆ ಎಂದು ಕಂಡುಕೊಂಡು ಅವರ ಕೆಲಸವನ್ನು ಅದಲು ಬದಲು ಮಾಡುತ್ತಿದ್ದ. ಅಂಥ ಲೈನಿನಲ್ಲಿ ನಷ್ಟ ಕಡಿಮೆ. ಟೈಲರ್‌ಗಳು ಗೈರಾದ ದಿನ ಸೂಪರ್‌ವೈಸರ್‌ಗಳು ಒಬ್ಬರಿಂದ ಒಬ್ಬರು ಜನ ಸಾಲ ಪಡೆಯುವುದನ್ನು ಇನ್ನೊಂದು ಅಧ್ಯಯನ ಗಮನಿಸಿತು. ಈ ಕೊಡುಕೊಳ್ಳುವಿಕೆ ಪಕ್ಕದ ಲೈನಿನ, ಪರಿಚಯದ, ಒಂದೇ ಹಿನ್ನೆಲೆಯ ಕೆಲವರ ನಡುವೆ ಮಾತ್ರ ಸಲೀಸಾಗಿ ನಡೆಯುತ್ತಿತ್ತು. ರಜೆ ಕೇಳಿದ ಹೆಂಗಸಿಗೆ ರಜೆ ಸಿಗುತ್ತದೆಯೋ ಇಲ್ಲವೋ ಎಂಬುದು ಸೂಪರ್‌ವೈಸರ್‌ನ ಒಳ್ಳೆಯತನದ ಜೊತೆಗೆ ಅವನ ಸ್ನೇಹಿತರ ಬಳಗದ ಮೇಲೂ ನಿಲ್ಲುತ್ತದೆ ಎಂದು ಇದರಿಂದ ಊಹಿಸಬಹುದು.

ಇದೇ ಸಂಶೋಧಕರ ಬಳಗ ಇನ್ನೊಂದು ಪ್ರಯೋಗವನ್ನು 2016ರ ಕೂಲಿ ಏರಿಕೆಯ ಹೊತ್ತಿನಲ್ಲಿ ಮಾಡಿತು. ಏರಿಕೆ ಕೆಲಸಗಾರರು ಅಂದುಕೊಂಡದ್ದಕ್ಕಿಂತ ಕಡಿಮೆ ಬಂದು ಬೇಸರ ಮೂಡಿತ್ತು. ಲಾಟರಿ ಎತ್ತಿದಂತೆ ಆರಿಸಿದ ಕೆಲವರಿಗೆ ಕೆಲಸ, ಸೂಪರ್‌ವೈಸರ್, ಕೂಲಿ ಕುರಿತು ತಮ್ಮ ಅಭಿಪ್ರಾಯ ಹೇಳುವ ಅವಕಾಶ ಕೊಟ್ಟರು. ಅದರಿಂದ ಅವರ ಕೂಲಿ ಒಂದು ಪೈಸೆಯೂ ಹೆಚ್ಚಲಿಲ್ಲ. ಆದರೂ ಅವರಲ್ಲಿ ಕೆಲಸ ಬಿಡುವವರು, ಗೈರಾಗುವವರು ಕಡಿಮೆಯಾದರು. ಮಾಲೀಕರಿಗೆ ಇದು ಅಗ್ಗದ ಪರಿಹಾರವಾಗಿ ಕಾಣುವುದು ಸಹಜ. ಹೇಳಿದ್ದು ಯಾವುದೂ ಆಗದಿದ್ದರೆ ಎಷ್ಟು ದಿನ ಹೇಳುತ್ತಾರೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಸಾಫ್ಟ್‌ವೇರ್ ಕಂಪನಿಗಳ ಟೀಮ್ ಲೀಡ್‌ಗಳ ಪಾಡು ಬೇರೆ ಬಗೆಯದು. ಅವರ ಬಳಿ ಬೈಗುಳ ಕಡಿಮೆ, ಅಧಿಕಾರವೂ ಕಡಿಮೆ. ಗಡುವನ್ನು ಸಾಗರದಾಚೆಯ ಗಿರಾಕಿ ನಿಗದಿ ಮಾಡಿರುತ್ತಾನೆ. ಸಂಬಳ ಏರಿಕೆಯ ಪ್ರಮಾಣ ಮೇಲಿನಿಂದ ಬಂದಿರುತ್ತದೆ. ತಂಡದಲ್ಲಿ ಇಷ್ಟು ಜನರನ್ನು ಕೆಳಗಿನ ದರ್ಜೆಗೆ ಹಾಕಲೇಬೇಕು ಎಂಬ ಬೆಲ್ ಕರ್ವ್ ಪದ್ಧತಿ ಇದ್ದ ಕಾಲದಲ್ಲಿ, ಎಲ್ಲರೂ ಚೆನ್ನಾಗಿ ದುಡಿದ ತಂಡದ ಲೀಡ್ ಕೂಡ ಒಬ್ಬರನ್ನು ಬಲಿ ಕೊಡಬೇಕಾಗುತ್ತಿತ್ತು. 2015ರ ಸುಮಾರಿಗೆ ಇನ್ಫೊಸಿಸ್ ಸೇರಿದಂತೆ ಕೆಲವು ಕಂಪನಿಗಳು ಆ ಕಡ್ಡಾಯವನ್ನು ಕೈಬಿಟ್ಟವು. ತಂಡದೊಳಗಿನ ನಂಬಿಕೆಗೆ ಅದರಿಂದ ಆಗಿರಬಹುದಾದ ಲಾಭ ಹತ್ತು ನಾಯಕತ್ವ ಶಿಬಿರಗಳಿಂದಲೂ ಆಗುತ್ತಿರಲಿಲ್ಲ.

ಬೆಂಬಲ ನೀಡುವುದನ್ನು ಕಲಿಸಲಾಗುತ್ತದೆಯೇ? ಕಲಿಸಬಹುದು ಎನ್ನುವ ಪುರಾವೆ ಇದೆ. ಸ್ವೀಡನ್ನಿನ ಒಂದು ವಿಮಾ ಕಂಪನಿಯಲ್ಲಿ ಮ್ಯಾನೇಜರ್‌ಗಳಿಗೆ ಎರಡು ವಾರಕ್ಕೊಮ್ಮೆಯಂತೆ ಒಂದು ವರ್ಷ ಪಾಠ ನಡೆಸಿದಾಗ ಅವರ ಕೈಕೆಳಗಿನ ನೌಕರರ ರಕ್ತದಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು ಎಂದು ಟೋರೆಸ್ ಟಿಯೊರೆಲ್ ಮತ್ತಿತರರು 2001ರಲ್ಲಿ ವರದಿ ಮಾಡಿದರು. ಪಾಠ ಕೇಳಿದವರು ಮ್ಯಾನೇಜರ್‌ಗಳು, ಬದಲಾದದ್ದು ಬೇರೆಯವರ ರಕ್ತ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಅಗ್ನಿಶಾಮಕ ಇಲಾಖೆಯಲ್ಲಿ 128 ಮ್ಯಾನೇಜರ್‌ಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತರಬೇತಿ ಕೇವಲ ನಾಲ್ಕು ಗಂಟೆಯದು: ಮಾನಸಿಕ ತೊಂದರೆಯಿಂದ ರಜೆಯಲ್ಲಿರುವ ಸಿಬ್ಬಂದಿಯನ್ನು ಹೇಗೆ ಮಾತಾಡಿಸಬೇಕು, ಯಾವಾಗ ಫೋನ್ ಮಾಡಬೇಕು ಎಂಬಷ್ಟೇ. ಕೆಲಸಕ್ಕೆ ಸಂಬಂಧಿಸಿದ ಅನಾರೋಗ್ಯ ರಜೆ ಇಳಿಯಿತು, ಹಾಕಿದ ಹಣದ ಸುಮಾರು ಹತ್ತು ಪಟ್ಟು ಉಳಿತಾಯವಾಯಿತು. ಅಮೆರಿಕದ ಕಿರಾಣಿ ಮಳಿಗೆಗಳಲ್ಲಿ ಲೆಸ್ಲಿ ಹ್ಯಾಮರ್ ಮತ್ತಿತರರು 2011ರಲ್ಲಿ ವರದಿ ಮಾಡಿದ ಫಲಿತಾಂಶ ಮಿಶ್ರ: ಮನೆ ಮತ್ತು ಕೆಲಸದ ನಡುವೆ ನಲುಗುತ್ತಿದ್ದವರಿಗೆ ಸೂಪರ್‌ವೈಸರ್‌ಗಳ ತರಬೇತಿಯಿಂದ ಒಳ್ಳೆಯದಾಯಿತು, ಅಂಥ ತೊಂದರೆ ಇಲ್ಲದವರಿಗೆ ಪರಿಣಾಮ ಕೊಂಚ ಉಲ್ಟಾ ಆಯಿತು.

ತರಬೇತಿಗೆ ಯಾರನ್ನು ಕಳಿಸಬೇಕೆಂಬ ಪ್ರಶ್ನೆಗೆ ಬೆಂಗಳೂರಿನ ಕಾರ್ಖಾನೆಗಳು ಕೊಟ್ಟ ಉತ್ತರ ಸಂಸ್ಥೆಗಳಿಗೆ ಹಿತವಾದುದಲ್ಲ. ಸೂಪರ್‌ವೈಸರ್‌ಗಳ ಮೇಲಿನ ಮ್ಯಾನೇಜರ್‌ಗಳನ್ನು ಕೇಳಿ ಯಾರು ಹೋಗಬೇಕು ಎಂದು ಪಟ್ಟಿ ಮಾಡಿಸಿ, ಆ ಪಟ್ಟಿಯೊಳಗೆ ಚೀಟಿ ಎತ್ತಿ ಆರಿಸಲಾಯಿತು. ಬಲವಾಗಿ ಶಿಫಾರಸಾದವರ ಲೈನುಗಳಲ್ಲಿ ಉತ್ಪಾದನೆ ಏನೂ ಏರಲಿಲ್ಲ. ಅಷ್ಟಾಗಿ ಶಿಫಾರಸಾಗದವರ ಲೈನುಗಳಲ್ಲಿ 12% ಏರಿತು. ಮ್ಯಾನೇಜರ್‌ಗಳು ತರಬೇತಿಯನ್ನು ಸೂಪರ್‌ವೈಸರ್‌ಗಳು ಕೆಲಸ ಬಿಟ್ಟು ಹೋಗದಂತೆ ಹಿಡಿದಿಡುವ ಉಡುಗೊರೆಯಾಗಿ ಬಳಸುತ್ತಿದ್ದರು, ಏಕೆಂದರೆ ಒಬ್ಬ ಸೂಪರ್‌ವೈಸರ್ ಹೋದರೆ ಮುಂದಿನವನು ಕುದುರುವ ತನಕ ತಲೆನೋವು ಅವರದೇ.

ಮುಖ್ಯಸ್ಥರ ಬೆಂಬಲದ ಮಿತಿಯೂ ಇಲ್ಲೇ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಮ್ಯಾನೇಜರ್‌ಗಳ ತರಬೇತಿಯನ್ನು ಶಿಫಾರಸು ಮಾಡಿತು. ಜೊತೆಗೆ ಕೆಲಸದ ಹೊರೆ, ಅವಧಿ, ಸಂಘಟನೆಗಳನ್ನೇ ಬದಲಿಸುವ ಕ್ರಮಗಳನ್ನೂ ಸೂಚಿಸಿತು. ಸಂಸ್ಥೆಗಳಿಗೆ ಮೊದಲನೆಯದು ಸುಲಭ. ಅದಕ್ಕಿಂತ ಸುಲಭ ಧ್ಯಾನದ ಆಪ್, ಒತ್ತಡ ನಿಭಾಯಿಸುವ ಕಾರ್ಯಾಗಾರ. ಬ್ರಿಟನ್ನಿನ 233 ಸಂಸ್ಥೆಗಳ 46,336 ಕೆಲಸಗಾರರ ಸಮೀಕ್ಷೆಯನ್ನು ವಿಲಿಯಂ ಫ್ಲೆಮಿಂಗ್ 2024ರಲ್ಲಿ ವಿಶ್ಲೇಷಿಸಿದಾಗ ಇಂಥ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಹೆಚ್ಚು ನೆಮ್ಮದಿಯಿಂದೇನೂ ಇರಲಿಲ್ಲ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ ದಿನಕ್ಕೆ 12 ಗಂಟೆಯ ತನಕ ದುಡಿಸಲು ದಾರಿ ಮಾಡಿತು. ಹನ್ನೆರಡನೆಯ ಗಂಟೆಯಲ್ಲಿ ನಿಂತ ಟೈಲರ್‌ಗೆ ಒಳ್ಳೆಯ ಸೂಪರ್‌ವೈಸರ್ ಮಾಡಬಹುದಾದ್ದು ಬಹಳ ಇರುವುದಿಲ್ಲ. ಆ ಸೂಪರ್‌ವೈಸರ್ ಕೂಡ ಅದೇ ಹನ್ನೆರಡನೆಯ ಗಂಟೆಯಲ್ಲಿ ನಿಂತಿರುತ್ತಾನೆ. ಅವನ ಬಳಲಿಕೆಯನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆಯನ್ನು ನಾಯಕತ್ವ ಸಾಹಿತ್ಯ ಕೇಳತೊಡಗಿದ್ದು ತಡವಾಗಿ.

ಕೆಲವು ದೇಶಗಳು ಮುಖ್ಯಸ್ಥರ ಪಾತ್ರವನ್ನು ಅವರವರ ಒಳ್ಳೆಯತನಕ್ಕೆ ಬಿಡದೆ ನಿಯಮಕ್ಕೆ ತಂದಿವೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಕಾರ್ಯಾಲಯ 2004ರಲ್ಲಿ ಹೊರೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರದ ಸ್ಪಷ್ಟತೆ, ಬದಲಾವಣೆ ಎಂಬ ಆರು ಅಂಶಗಳ ಮಾನದಂಡ ತಂದು, ಸಂಸ್ಥೆಗಳು ಒತ್ತಡವನ್ನು ಇವುಗಳ ಮೇಲೆ ಅಳೆಯಬೇಕೆಂದಿತು. ಜಪಾನಿನ ಕಾರ್ಮಿಕ ಸಚಿವಾಲಯದ 2000ದ ಮಾರ್ಗಸೂಚಿ ಕೆಲಸಗಾರರ ಮಾನಸಿಕ ಆರೋಗ್ಯದ ಹೊಣೆಯನ್ನು ನಾಲ್ಕು ಪಾಲು ಮಾಡಿತು: ಸ್ವತಃ ಕೆಲಸಗಾರ, ನೇರ ಮೇಲಧಿಕಾರಿ, ಸಂಸ್ಥೆಯೊಳಗಿನ ವೈದ್ಯ ಸಿಬ್ಬಂದಿ, ಹೊರಗಿನ ತಜ್ಞರು. ಅಲ್ಲಿ ಮೇಲಧಿಕಾರಿ ರೋಗ ಗುರುತಿಸಬೇಕಿಲ್ಲ. ಎಂದಿನಂತಿಲ್ಲದ ನೌಕರನನ್ನು ಗಮನಿಸಿ, ಮಾತಾಡಿಸಿ, ವೈದ್ಯರ ಬಳಿಗೆ ದಾಟಿಸಿದರೆ ಸಾಕು. 2015ರ ಡಿಸೆಂಬರ್‌ನಿಂದ 50 ಮತ್ತು ಹೆಚ್ಚು ಜನ ದುಡಿಯುವ ಕಡೆ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ನಡೆಸುವುದು ಅಲ್ಲಿ ಕಡ್ಡಾಯವಾಯಿತು. ಭಾರತದ ಕಾರ್ಖಾನೆ ಕಾನೂನು ಬೆಳೆದದ್ದು ಯಂತ್ರ, ಬೆಂಕಿ, ಧೂಳು, ಕೆಲಸದ ಅವಧಿಗಳ ಸುತ್ತ. 2013ರ ಕಾಯ್ದೆ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು ಎಂದು ವಿಧಿಸಿತು. ಲೈನಿನ ಮುಂದೆ ನಿಲ್ಲಿಸಿ ಬೈಯುವುದು, ನಿಜವಾದ ಕಾರಣಕ್ಕೂ ರಜೆ ಕೊಡದೆ ಸತಾಯಿಸುವುದು ಆ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಅಂಥ ದೂರು ಕೊನೆಗೆ ಹೋಗಿ ಬೀಳುವುದು ಎಚ್‌ಆರ್ ವಿಭಾಗದ ಮೇಜಿನ ಮೇಲೆ, ಇಲ್ಲವೇ ಯೂನಿಯನ್ ಇರುವ ಕಡೆ ಅದರ ಕಚೇರಿಯಲ್ಲಿ.